ಬಗಲ ಕುರುವಿನ ಚರಿತ್ರೆ

ಬಿಸಿಲಿಗೆ ಹೆಸರಾದ ರಾಯಚೂರು ಸೀಮೆಯಲ್ಲಿ ಮೈಮೇಲೆ ಕುರು ಏಳುವುದು ಯಾರಿಗೂ ಹೊಸ ಸುದ್ದಿಯಲ್ಲ. ಮಾವಿನಹಣ್ಣು ಹೆಚ್ಚು ತಿಂದರೆ ಕುರು, ನಡುಮಧ್ಯಾಹ್ನ ಹೊಲದಲ್ಲಿ ದುಡಿದರೆ ಕುರು ಎಂಬುದು ಜನರ ನಂಬಿಕೆ. ‘ಮೈಯಾಗ ಉಷ್ಣ ಆಗ್ಯಾದ’ ಎಂದು ಮನೆಯ ಹಿರಿಯರು ತೀರ್ಪು ಕೊಡುತ್ತಾರೆ. ಬಿಸಿ ಹಿಟ್ಟಿನ ಕಟ್ಟು ಹಾಕುತ್ತಾರೆ, ಅರಿಸಿನ ಹಚ್ಚುತ್ತಾರೆ. ಕುರು ಮಾಗಿ, ಒಡೆದು, ಕೀವು ಹೋಗಿ, ಗಾಯ ಮಾಯುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಎಲ್ಲರೂ ಅದನ್ನು ಮರೆತಿರುತ್ತಾರೆ.

ಆದರೆ ಮರೆಯಲು ಬಿಡದ ಕುರು ಒಂದಿದೆ. ಅದು ಬಗಲಲ್ಲಿ, ತೊಡೆಸಂದಿಯಲ್ಲಿ, ಸ್ತನದ ಕೆಳಗಿನ ಮಡಿಕೆಯಲ್ಲಿ, ಕುಂಡಿಯ ಸಂದಿಯಲ್ಲಿ ಏಳುತ್ತದೆ. ಒಡೆಯುತ್ತದೆ, ಮಾಯ್ದಂತೆ ತೋರುತ್ತದೆ, ತಿಂಗಳೊಪ್ಪತ್ತಿನಲ್ಲಿ ಅದೇ ಜಾಗದಲ್ಲೋ ಅದರ ಪಕ್ಕದಲ್ಲೋ ಮತ್ತೆ ಏಳುತ್ತದೆ. ಮಾನ್ವಿಯಲ್ಲಿ ಒಮ್ಮೆ ಕೊಯ್ಸಿಕೊಂಡವರು ಮುಂದಿನ ವರ್ಷ ರಾಯಚೂರಿನಲ್ಲಿ ಕೊಯ್ಸಿಕೊಳ್ಳುತ್ತಾರೆ. ದೇವದುರ್ಗದಲ್ಲಿ ಕೊಟ್ಟ ಐದು ದಿನದ ಮಾತ್ರೆ ಮುಗಿಯುವ ಹೊತ್ತಿಗೆ ಇನ್ನೊಂದು ಗಂಟು ಕೈಗೆ ಸಿಗುತ್ತದೆ. ಹೀಗೆ ವರ್ಷಗಳು ಉರುಳಿದ ಮೇಲೆ ಚರ್ಮದಡಿಯಲ್ಲಿ ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಸುರಂಗಗಳು ಬೆಳೆಯುತ್ತವೆ. ಆ ಸುರಂಗಗಳ ಬಾಯಿಂದ ಕೀವು, ರಕ್ತ ಒಸರುತ್ತಲೇ ಇರುತ್ತವೆ. ಗಾಯದ ಕಲೆ ಹಗ್ಗದಂತೆ ಬಿಗಿದುಕೊಂಡು ಕೈ ಮೇಲೆತ್ತಲು ಬಾರದಂತಾಗುತ್ತದೆ.

ಇಷ್ಟು ಹೊತ್ತಿಗೆ ರೋಗಿ ಬಟ್ಟೆಯ ಮೇಲಿನ ಕಲೆ ಮತ್ತು ವಾಸನೆಗೆ ಹೆದರಿ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಿರುತ್ತಾರೆ. ಬಸ್ಸಿನಲ್ಲಿ ಪಕ್ಕದವರಿಂದ ದೂರ ಸರಿದು ಕೂರುತ್ತಾರೆ. ಹೆಣ್ಣುಮಕ್ಕಳಾದರೆ ಹೆತ್ತ ತಾಯಿಗೂ ಹೇಳಿರುವುದಿಲ್ಲ.

ಇವು ಹತ್ತಾರು ಬಾರಿ ಬಂದುಹೋದ ಹತ್ತಾರು ಬೇರೆಬೇರೆ ಕುರುಗಳಲ್ಲ, ಒಂದೇ ರೋಗದ ಹತ್ತಾರು ಮುಖಗಳು. ವೈದ್ಯವಿಜ್ಞಾನದಲ್ಲಿ ಇದಕ್ಕೆ ಹಿಡ್ರಾಡೆನೈಟಿಸ್ ಸಪ್ಪುರೇಟಿವಾ ಎಂದು ಹೆಸರು. ಕನ್ನಡದಲ್ಲಿ ಬಳಕೆಗೆ ಬಂದ ಹೆಸರು ಇಲ್ಲ. ಹೆಸರಿಲ್ಲದ ರೋಗವನ್ನು ಗುರುತಿಸುವವರು ಕಡಿಮೆ. ವಿಚಿತ್ರವೆಂದರೆ ಹೆಸರು ಸಿಕ್ಕ ಕಡೆಯಲ್ಲೂ ಈ ರೋಗದ ಕಷ್ಟ ತೀರಲಿಲ್ಲ, ಏಕೆಂದರೆ ಸಿಕ್ಕಿದ್ದು ತಪ್ಪು ಹೆಸರು. ಆ ತಪ್ಪು ತಿದ್ದಿಕೊಳ್ಳಲು ವೈದ್ಯಲೋಕಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಸುಶ್ರುತನ ನಾಡೀವ್ರಣ

ಚರ್ಮದಡಿ ಕೊಳವೆಯಾಗಿ ಹರಿಯುವ ಹುಣ್ಣಿನ ಪರಿಚಯ ನಮ್ಮ ಪ್ರಾಚೀನ ವೈದ್ಯರಿಗೆ ಚೆನ್ನಾಗಿಯೇ ಇತ್ತು. ಸುಶ್ರುತ ಸಂಹಿತೆಯಲ್ಲಿ ಬಾವಿಗೆ ‘ವಿದ್ರಧಿ’ ಎಂದೂ, ಕೀವು ಸೋರುವ ಕೊಳವೆಗೆ ‘ನಾಡೀವ್ರಣ’ ಎಂದೂ, ಗುದದ ಸುತ್ತಲಿನ ಅಂಥದೇ ಕೊಳವೆಗೆ ‘ಭಗಂದರ’ ಎಂದೂ ಹೆಸರುಗಳಿವೆ. ಮಾಗಿದ ಬಾವನ್ನು ಇನ್ನೂ ಮಾಗಿಲ್ಲವೆಂದು ತಿಳಿದು ಕಡೆಗಣಿಸಿದರೆ ಕೀವು ಒಳಗೊಳಗೇ ದಾರಿ ಮಾಡಿಕೊಂಡು ಕೊಳವೆಯಾಗುತ್ತದೆ ಎಂಬುದು ಅಲ್ಲಿಯ ವಿವರಣೆ. ಇಂಥ ಕೊಳವೆಯನ್ನು ಸೀಳಿ ತೆರೆಯುವ ವಿಧಾನವೂ, ಕ್ಷಾರ ಸವರಿದ ದಾರವನ್ನು ಅದರೊಳಗೆ ಹಾಯಿಸಿ ನಿಧಾನವಾಗಿ ಕೊಯ್ಯುವ ವಿಧಾನವೂ ಅಲ್ಲಿವೆ.

ಸುಶ್ರುತ ಕಂಡದ್ದು ಇದೇ ರೋಗ ಎಂದು ಹೇಳಿಬಿಡುವಂತಿಲ್ಲ. ನಾಡೀವ್ರಣಕ್ಕೆ ಕಾರಣಗಳು ಹಲವು. ಆದರೆ ಕೀವನ್ನು ಹೊರಹಾಕಿದ ಮಾತ್ರಕ್ಕೆ ಸಾಲದು, ಕೊಳವೆಯನ್ನೇ ಪೂರ್ತಿ ತೆರೆಯಬೇಕು ಎಂಬ ತಿಳಿವಳಿಕೆ ಅಲ್ಲಿತ್ತು ಎಂಬುದು ಗಮನಿಸಬೇಕಾದ ಮಾತು. ಇಪ್ಪತ್ತನೆಯ ಶತಮಾನದ ಶಸ್ತ್ರಚಿಕಿತ್ಸಕರು ಬಹಳ ಸುತ್ತಿ ಬಳಸಿ ಈ ಮಾತಿಗೇ ಬಂದು ನಿಂತರು.

ಪ್ಯಾರಿಸ್ಸಿನಲ್ಲಿ ಇಟ್ಟ ಹೆಸರು

ಬಗಲು, ಸ್ತನದ ಮಡಿಕೆ, ಗುದದ ಸುತ್ತ, ಹೀಗೆ ಕೆಲವೇ ಜಾಗಗಳನ್ನು ಆರಿಸಿಕೊಂಡು ಕಾಡುವ ಕುರುಗಳಿವೆ ಎಂದು ಆಧುನಿಕ ವೈದ್ಯರಲ್ಲಿ ಮೊದಲು ಬರೆದವನು ಪ್ಯಾರಿಸ್ಸಿನ ಶಸ್ತ್ರವೈದ್ಯ ಆಲ್ಫ್ರೆಡ್ ವೆಲ್ಪೊ. ಅದು 1839ರ ಮಾತು. ಹದಿನೈದು ವರ್ಷಗಳ ನಂತರ, 1854ರಲ್ಲಿ, ಅದೇ ನಗರದ ಇನ್ನೊಬ್ಬ ಶಸ್ತ್ರವೈದ್ಯ ಅರಿಸ್ತೀದ್ ವೆರ್ನೊಯ್ ಈ ಕುರುಗಳ ಮೂಲ ಬೆವರಿನ ಗ್ರಂಥಿ ಎಂದು ವಾದಿಸಿದ. ಮುಂದಿನ ದಶಕದಲ್ಲಿ ಅವನು ಕೊಟ್ಟ ಹೆಸರೇ ಇಂದಿನ ಹೆಸರಿಗೆ ಬುನಾದಿ. ಗ್ರೀಕಿನಲ್ಲಿ ‘ಹಿಡ್ರೋಸ್’ ಎಂದರೆ ಬೆವರು, ‘ಅಡೆನ್’ ಎಂದರೆ ಗ್ರಂಥಿ. ಎರಡೂ ಸೇರಿ ಬೆವರುಗ್ರಂಥಿಯ ಉರಿಯೂತ ಎಂದಾಯಿತು.

ವೆರ್ನೊಯ್‌ನ ತರ್ಕ ಸರಳವಾಗಿತ್ತು. ಈ ಕುರುಗಳು ಏಳುವುದು ಹೆಚ್ಚು ಬೆವರುವ ಜಾಗಗಳಲ್ಲಿ, ಆದ್ದರಿಂದ ಕೆಟ್ಟಿರುವುದು ಬೆವರಿನ ಗ್ರಂಥಿಯೇ ಇರಬೇಕು. 1922ರಲ್ಲಿ ಜರ್ಮನಿಯ ಷೀಫರ್‌ಡೆಕರ್ ಬಗಲು ಮತ್ತು ತೊಡೆಸಂದಿಯಲ್ಲಿರುವ ವಿಶೇಷ ಬಗೆಯ ಬೆವರುಗ್ರಂಥಿಗಳನ್ನು ‘ಅಪೊಕ್ರೈನ್’ ಎಂದು ಪ್ರತ್ಯೇಕಿಸಿ, ಈ ರೋಗವನ್ನು ಅವುಗಳ ಲೆಕ್ಕಕ್ಕೆ ಬರೆದ. ಅಲ್ಲಿಗೆ ಊಹೆ ಶಾಸ್ತ್ರವಾಯಿತು.

ಶಾಸ್ತ್ರದ ಜೊತೆಗೆ ದೋಷಾರೋಪವೂ ಬಂತು. ಬೆವರಿನ ರೋಗವೆಂದ ಮೇಲೆ ಬೆವರು ತೊಳೆದುಕೊಳ್ಳದವರ ರೋಗ, ಅಂದರೆ ಕೊಳಕಿನ ರೋಗ ಎಂಬ ಅರ್ಥ ತಾನಾಗಿಯೇ ಹುಟ್ಟಿಕೊಂಡಿತು. ದಿನಕ್ಕೆರಡು ಸಲ ಸ್ನಾನ ಮಾಡು ಎಂಬ ಬುದ್ಧಿಮಾತನ್ನು ಕೇಳದ ರೋಗಿಯೇ ಇಲ್ಲ. ಎಷ್ಟು ತೊಳೆದರೂ ಮತ್ತೆ ಕುರು ಎದ್ದಾಗ ಆ ರೋಗಿ ತನ್ನನ್ನೇ ಅನುಮಾನಿಸತೊಡಗುತ್ತಾನೆ.

ಲಂಡನ್ನಿನ ಒಬ್ಬ ರೋಗಿ

ವೆರ್ನೊಯ್ ಹೆಸರಿಡುವ ಕೆಲಸದಲ್ಲಿದ್ದ ಕಾಲದಲ್ಲೇ ಲಂಡನ್ನಿನ ಬಾಡಿಗೆ ಮನೆಯೊಂದರಲ್ಲಿ ಒಬ್ಬ ಲೇಖಕ ಇಂಥ ಕುರುಗಳಿಂದ ನರಳುತ್ತಿದ್ದ. ಆತ ಕಾರ್ಲ್ ಮಾರ್ಕ್ಸ್. ‘ಬಂಡವಾಳ’ ಗ್ರಂಥದ ಮೊದಲ ಸಂಪುಟ 1867ರಲ್ಲಿ ಹೊರಬಂತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಗೆಳೆಯ ಎಂಗೆಲ್ಸನಿಗೆ ಬರೆದ ಪತ್ರಗಳಲ್ಲಿ ಕುರುಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಕೂರಲು ಆಗದು, ನಡೆಯಲು ಆಗದು, ಬರವಣಿಗೆ ನಿಂತುಹೋಗಿದೆ ಎಂಬ ಗೋಳು ಅಲ್ಲಿದೆ. ಒಮ್ಮೆ ಬೇಸತ್ತು ಕ್ಷೌರದ ಕತ್ತಿಯಿಂದ ತಾನೇ ಕುರುವನ್ನು ಕೊಯ್ದುಕೊಂಡದ್ದನ್ನೂ ಆತ ಬರೆದುಕೊಂಡಿದ್ದಾನೆ. ತನ್ನ ಕುರುಗಳನ್ನು ಬಂಡವಾಳಶಾಹಿಗಳು ಬದುಕಿರುವವರೆಗೂ ನೆನೆಯುವಂತೆ ಮಾಡುತ್ತೇನೆಂಬ ಧಾಟಿಯ ಕಟು ಹಾಸ್ಯವೂ ಆ ಪತ್ರಗಳಲ್ಲಿದೆ.

ವೈದ್ಯರು ಪಾಷಾಣದ ಔಷಧಿ ಕೊಟ್ಟರು, ಬಿಸಿ ಕಟ್ಟು ಹಾಕಿದರು, ಕೊಯ್ದರು. ದೋಷ ಪಿತ್ತಜನಕಾಂಗದಲ್ಲಿದೆ ಎಂದು ಮಾರ್ಕ್ಸ್ ನಂಬಿದ್ದ. ನೂರನಲವತ್ತು ವರ್ಷ ಕಳೆದ ಮೇಲೆ, 2007ರಲ್ಲಿ, ಬ್ರಿಟನ್ನಿನ ಚರ್ಮರೋಗ ಪ್ರಾಧ್ಯಾಪಕ ಸ್ಯಾಮ್ ಶುಸ್ಟರ್ ಈ ಪತ್ರಗಳನ್ನೆಲ್ಲ ಓದಿ, ಕುರುಗಳು ಎಲ್ಲೆಲ್ಲಿ ಎದ್ದಿದ್ದವು, ಎಷ್ಟು ಸಲ ಮರುಕಳಿಸಿದವು ಎಂದು ಪಟ್ಟಿ ಮಾಡಿದ. ಬಗಲು, ತೊಡೆಸಂದಿ, ಗುಪ್ತಾಂಗದ ಸುತ್ತ, ವರ್ಷಗಟ್ಟಲೆ. ಇದು ಹಿಡ್ರಾಡೆನೈಟಿಸ್ ಸಪ್ಪುರೇಟಿವಾ ಎಂದು ಆತ ಬರೆದ. ಸತ್ತವರ ಪತ್ರ ನೋಡಿ ಹೇಳಿದ ರೋಗನಿರ್ಣಯವನ್ನು ಕೊನೆಯ ಮಾತೆಂದು ಒಪ್ಪಬೇಕಾಗಿಲ್ಲ. ಆದರೆ ಶುಸ್ಟರ್ ರಕ್ತ ಪರೀಕ್ಷೆಯನ್ನಾಗಲಿ ಸೂಕ್ಷ್ಮದರ್ಶಕವನ್ನಾಗಲಿ ನೆಚ್ಚಲಿಲ್ಲ. ಎಲ್ಲಿ, ಎಂಥದು, ಎಷ್ಟು ಸಲ ಎಂದಷ್ಟೇ ಕೇಳಿದ. ಈ ಮೂರು ಪ್ರಶ್ನೆಗಳ ಬೆಲೆ ಏನೆಂಬುದು ಮುಂದೆ ತಿಳಿಯುತ್ತದೆ.

ಬೆವರಲ್ಲ, ಕೂದಲ ಬುಡ

ತಪ್ಪು ಹೆಸರಿನ ಅಸಲು ಕತೆ ಬಯಲಾಗತೊಡಗಿದ್ದು ಅಮೆರಿಕದ ಫಿಲಡೆಲ್ಫಿಯದಲ್ಲಿ. 1955ರಲ್ಲಿ ಶೆಲ್ಲಿ ಮತ್ತು ಕಾನ್ ಎಂಬ ವೈದ್ಯರು ಕೆಲವು ಗಂಡಸರ ಬಗಲಿನ ಕೂದಲು ತೆಗೆದು, ಚರ್ಮಕ್ಕೆ ಔಷಧಿಯ ಪಟ್ಟಿ ಅಂಟಿಸಿ ರಂಧ್ರಗಳನ್ನು ಮುಚ್ಚಿದರು. ಅವರಲ್ಲಿ ಕೆಲವರಿಗೆ ಇಂಥದೇ ಗಂಟುಗಳು ಎದ್ದವು. ಬೆವರುಗ್ರಂಥಿಯೇ ಮುಖ್ಯವೆಂದು ಅವರು ಆಗಲೂ ಭಾವಿಸಿದ್ದರು. ಆದರೆ ಮುಚ್ಚಿಹೋದದ್ದು ಕೂದಲ ಬುಡದ ದ್ವಾರ ಎಂಬ ಸುಳಿವು ಆ ಪ್ರಯೋಗದಲ್ಲೇ ಇತ್ತು. ಮರುವರ್ಷ, 1956ರಲ್ಲಿ, ಪಿಲ್ಸ್‌ಬರಿ, ಶೆಲ್ಲಿ ಮತ್ತು ಕ್ಲಿಗ್‌ಮನ್ ತಮ್ಮ ಪಠ್ಯಗ್ರಂಥದಲ್ಲಿ ಈ ರೋಗವನ್ನು ತೀವ್ರ ಬಗೆಯ ಮೊಡವೆ ಮತ್ತು ನೆತ್ತಿಯ ಕೀವುಗಂಟುಗಳ ಜೊತೆಯಲ್ಲಿಟ್ಟು, ಮೂರಕ್ಕೂ ಮೂಲ ಒಂದೇ, ಅದು ಕೂದಲ ಬುಡ ಕಟ್ಟಿಕೊಳ್ಳುವುದು ಎಂದು ಸೂಚಿಸಿದರು. 1989ರಲ್ಲಿ ಜರ್ಮನಿಯ ಪ್ಲೆವಿಗ್ ಮತ್ತು ಸ್ಟೀಗರ್ ಹಳೆಯ ಹೆಸರನ್ನೇ ಬಿಟ್ಟು ‘ಆಕ್ನೆ ಇನ್‌ವರ್ಸಾ’, ಅಂದರೆ ತಿರುಗುಮುರುಗಾದ ಮೊಡವೆ, ಎಂಬ ಹೆಸರು ಸೂಚಿಸಿದರು. ಮೊಡವೆ ಮುಖ, ಬೆನ್ನುಗಳ ಬಯಲಿನಲ್ಲಿ ಏಳುತ್ತದೆ, ಇದು ಮೈಯ ಮಡಿಕೆಗಳ ಮರೆಯಲ್ಲಿ ಏಳುತ್ತದೆ.

ಇಂದಿನ ತಿಳಿವಳಿಕೆ ಹೀಗಿದೆ. ಮಡಿಕೆಯ ಚರ್ಮದಲ್ಲಿ ಕೂದಲ ಬುಡದ ಬಾಯಿ ದಪ್ಪಗಟ್ಟಿ ಮುಚ್ಚಿಕೊಳ್ಳುತ್ತದೆ. ಒಳಗಿನ ಸರಕು ಹೊರಬರಲಾರದೆ ಬುಡ ಉಬ್ಬಿ ಚರ್ಮದೊಳಗೇ ಒಡೆಯುತ್ತದೆ. ದೇಹದ ರಕ್ಷಣಾವ್ಯವಸ್ಥೆ ಅದನ್ನು ಹೊರಗಿನ ಶತ್ರುವೆಂದು ತಿಳಿದು ಮುಗಿಬೀಳುತ್ತದೆ. ಹೊಡೆದಾಟ ಮುಗಿಯಬೇಕಾದ ಹೊತ್ತಿಗೆ ಮುಗಿಯುವುದಿಲ್ಲ. ಉರಿಯೂತವನ್ನು ಕೆರಳಿಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-17 ಮುಂತಾದ ರಾಸಾಯನಿಕ ಸಂದೇಶಗಳು ಅಲ್ಲಿ ಏರುತ್ತಲೇ ಇರುತ್ತವೆ. ಕೀವಿನಲ್ಲಿ ರೋಗಾಣುಗಳು ಕಾಣುವುದುಂಟು, ಆದರೆ ಅವು ಆಮೇಲೆ ಬಂದು ಸೇರಿಕೊಂಡವು, ಮನೆಗೆ ಬೆಂಕಿ ಇಟ್ಟವಲ್ಲ. ಕೆಲವು ಮನೆತನಗಳಲ್ಲಿ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತದೆ. ಅಂಥ ಚೀನೀ ಕುಟುಂಬಗಳಲ್ಲಿ ಗ್ಯಾಮಾ ಸಿಕ್ರಿಟೇಸ್ ಎಂಬ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಗಳ ದೋಷವನ್ನು 2010ರಲ್ಲಿ ಪತ್ತೆ ಮಾಡಲಾಯಿತು.

ಇದರಿಂದ ಕೆಲವು ಮಾತುಗಳು ಖಚಿತವಾದವು. ಇದು ಕೊಳಕಿನಿಂದ ಬರುವ ರೋಗವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಗುಪ್ತಾಂಗದ ಬಳಿ ಎದ್ದರೂ ಲೈಂಗಿಕ ರೋಗವಲ್ಲ. ಬೆವರು ಮತ್ತು ಬಿಸಿಲು ಇದನ್ನು ಹುಟ್ಟಿಸುವುದಿಲ್ಲ, ಆದರೆ ಇದ್ದ ರೋಗವನ್ನು ಕೆರಳಿಸುತ್ತವೆ. ಬಟ್ಟೆಯ ತಿಕ್ಕಾಟ, ಬೊಜ್ಜು, ಬೀಡಿ ಸಿಗರೇಟುಗಳೂ ಕೆರಳಿಸುತ್ತವೆ. ಯೌವನಕ್ಕೆ ಕಾಲಿಟ್ಟ ಮೇಲೆ ಶುರುವಾಗುವ ಈ ರೋಗ ಯುರೋಪು, ಅಮೆರಿಕಗಳಲ್ಲಿ ಹೆಂಗಸರಲ್ಲಿ ಹೆಚ್ಚು, ಕೊರಿಯಾ ಮತ್ತು ಜಪಾನುಗಳಲ್ಲಿ ಗಂಡಸರಲ್ಲಿ ಹೆಚ್ಚು.

ತಪ್ಪು ಯಾರದು?

ರೋಗ ಬಂದಾಗ ತಪ್ಪು ಯಾರದು ಎಂದು ಕೇಳುವ ರೂಢಿ ಎಲ್ಲ ಕಡೆಯೂ ಇದೆ. ಮಾನ್ವಿಗೆ ಇದರ ನೆನಪು ವಿಶೇಷವಾಗಿ ಇರಬೇಕು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು (1728–1809) ಬಾಳಿದ ಊರು ಅದು. ಪಂಡಿತ ಶ್ರೀನಿವಾಸಾಚಾರ್ಯರಾಗಿದ್ದಾಗ ಅವರು ವಿಜಯದಾಸರನ್ನು ಕಡೆಗಣಿಸಿದರು, ಅದರ ಫಲವಾಗಿ ತಾಳಲಾರದ ಹೊಟ್ಟೆನೋವು ಬಂತು ಎಂಬುದು ದಾಸಪರಂಪರೆಯ ಐತಿಹ್ಯ. ಈ ಕತೆಯ ಮೊದಲ ಅರ್ಧವನ್ನು ಜನ ಬೇಗ ನೆನಪಿಡುತ್ತಾರೆ: ತಪ್ಪು ಮಾಡಿದರೆ ರೋಗ ಬರುತ್ತದೆ. ಎರಡನೆಯ ಅರ್ಧವೂ ಅಷ್ಟೇ ಮುಖ್ಯ. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಆ ರೋಗಿಗೆ ಧಾರೆ ಎರೆದರಂತೆ. ಅಂದರೆ ರೋಗಿಯ ಭಾರವನ್ನು ಇನ್ನೊಬ್ಬರು ಹೊತ್ತುಕೊಂಡರು. ಕುರು ಎದ್ದ ಮಗಳನ್ನು ‘ಮೈ ಸರಿಯಾಗಿ ತೊಳಕೋ’ ಎಂದು ಗದರುವ ಮನೆಯಲ್ಲಿ ಈ ಎರಡನೆಯ ಅರ್ಧ ನೆನಪಾದರೆ ಒಳ್ಳೆಯದು.

ಮುಂದುವರಿದ ಹಂತ

ರೋಗ ಎಷ್ಟು ದೂರ ಹೋಗಿದೆ ಎಂದು ಅಳೆಯಲು ಅಮೆರಿಕದ ಹರ್ಲಿ ಎಂಬ ಚರ್ಮವೈದ್ಯ 1989ರಲ್ಲಿ ಮೂರು ಹಂತಗಳನ್ನು ಗುರುತಿಸಿದ. ಈಗಲೂ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಅವೇ. ಮೊದಲ ಹಂತದಲ್ಲಿ ಒಂದೋ ಕೆಲವೋ ಬಾವುಗಳು ಏಳುತ್ತವೆ, ಆದರೆ ಸುರಂಗವಾಗಲಿ ಗಟ್ಟಿ ಕಲೆಯಾಗಲಿ ಇರುವುದಿಲ್ಲ. ಎರಡನೆಯದರಲ್ಲಿ ಬಾವುಗಳು ಮರುಕಳಿಸುತ್ತವೆ, ಸುರಂಗಗಳೂ ಕಲೆಗಳೂ ಅಲ್ಲಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಮೂರನೆಯದರಲ್ಲಿ ಇಡೀ ಬಗಲು ಅಥವಾ ತೊಡೆಸಂದಿ ಒಂದಕ್ಕೊಂದು ಕೂಡಿಕೊಂಡ ಸುರಂಗಗಳ ಜಾಲವಾಗಿರುತ್ತದೆ, ನಡುವೆ ಆರೋಗ್ಯದ ಚರ್ಮವೇ ಉಳಿದಿರುವುದಿಲ್ಲ. ಮುಂದುವರಿದ ರೋಗವೆಂದರೆ ಈ ಮೂರನೆಯ ಹಂತ.

ಒಬ್ಬ ರೋಗಿಯ ಕುರುಗಳು ಶುರುವಾದಂದಿನಿಂದ ರೋಗಕ್ಕೆ ಸರಿಯಾದ ಹೆಸರು ಸಿಗುವವರೆಗೆ ಸರಾಸರಿ ಏಳು ವರ್ಷ ಹಿಡಿಯುತ್ತದೆ ಎಂದು ಹಲವು ದೇಶಗಳ ರೋಗಿಗಳನ್ನು ಸೇರಿಸಿ ನಡೆಸಿದ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಅಧ್ಯಯನ ನಡೆದದ್ದು ಬಹುಪಾಲು ಅನುಕೂಲಸ್ಥ ದೇಶಗಳಲ್ಲಿ. ಈ ಏಳು ವರ್ಷಗಳಲ್ಲಿ ಮೊದಲ ಹಂತ ಮೂರನೆಯ ಹಂತವಾಗಬಹುದು. ಇಡೀ ಅನಾಹುತದ ತಿರುಳು ಇದು.

ನಮ್ಮ ಸೀಮೆಯಲ್ಲಿ ತಡವಾಗಲು ಇನ್ನೊಂದು ಕಾರಣವಿದೆ. ಬಗಲಲ್ಲಿ ಗಂಟು, ಸೋರುವ ಬಾಯಿ, ಮಾಯದ ಗಾಯ ಎಂದರೆ ಇಲ್ಲಿಯ ವೈದ್ಯರಿಗೆ ಮೊದಲು ನೆನಪಾಗುವುದು ಕ್ಷಯ. ಅದು ಸಹಜವೂ ಹೌದು. ಕುತ್ತಿಗೆ, ಬಗಲುಗಳ ದುಗ್ಧರಸ ಗ್ರಂಥಿಗೆ ಕ್ಷಯ ತಗುಲಿ, ಚರ್ಮ ಒಡೆದು ಸೋರುವುದು ನಮ್ಮಲ್ಲಿ ಅಪರೂಪವಲ್ಲ. ಆದ್ದರಿಂದ ಕ್ಷಯವಿದೆಯೇ ಎಂದು ಪರೀಕ್ಷಿಸಲೇಬೇಕು. ಆದರೆ ಪರೀಕ್ಷೆಯಿಲ್ಲದೆ ಕ್ಷಯದ ಮಾತ್ರೆ ಶುರುಮಾಡಿದರೆ ಒಂದು ಮೋಸ ನಡೆಯಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ರೋಗದ ಉರಿಯನ್ನೂ ತಗ್ಗಿಸಬಲ್ಲ ಔಷಧಿ. ರೋಗಿಗೆ ಗುಣ ಕಾಣುತ್ತದೆ, ಕ್ಷಯವೇ ಹೌದು ಎಂದು ಎಲ್ಲರೂ ನಂಬುತ್ತಾರೆ, ಮಾತ್ರೆ ಮುಗಿದ ಮೇಲೆ ಕುರು ಹಿಂದಿರುಗುತ್ತದೆ.

ಹಿಡಿತಕ್ಕೆ ತರುವ ದಾರಿ

ಈ ರೋಗವನ್ನು ಬೇರುಸಹಿತ ಕಿತ್ತು ಹಾಕುವ ಔಷಧಿ ಇನ್ನೂ ಬಂದಿಲ್ಲ. ಹಿಡಿತದಲ್ಲಿಡುವ ದಾರಿಗಳು ಮಾತ್ರ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬಹಳ ಹೆಚ್ಚಿವೆ.

ಮೊದಲ ಹಂತಗಳಲ್ಲಿ ಕ್ಲಿಂಡಮೈಸಿನ್ ಲೇಪ, ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಗಳನ್ನು ಸುಮಾರು ಮೂರು ತಿಂಗಳು ಕೊಡುತ್ತಾರೆ. ರೋಗಾಣುವನ್ನು ಕೊಲ್ಲುವುದಕ್ಕಿಂತ ಉರಿಯೂತ ತಗ್ಗಿಸುವುದೇ ಇಲ್ಲಿ ಮುಖ್ಯ ಉದ್ದೇಶ. ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದ ಐದು ದಿನದ ಮಾತ್ರೆ ಇದಕ್ಕೆ ನಾಟುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಕ್ಲಿಂಡಮೈಸಿನ್ ಮತ್ತು ರಿಫಾಂಪಿಸಿನ್ ಜೋಡಿಯನ್ನು ಕೊಡುವುದುಂಟು. ಕ್ಷಯ ಇಲ್ಲವೆಂದು ಖಚಿತಪಡಿಸಿಕೊಂಡ ವೈದ್ಯರೇ ಇದನ್ನು ಬರೆಯಬೇಕು, ಏಕೆಂದರೆ ಒಳಗೆ ಅಡಗಿದ್ದ ಕ್ಷಯಕ್ಕೆ ಅರೆಬರೆ ರಿಫಾಂಪಿಸಿನ್ ಬಿದ್ದರೆ ಅದು ಔಷಧಿಗೆ ಬಗ್ಗದ ಕ್ಷಯವಾಗಬಹುದು. ಈ ಮಾತ್ರೆ ಗರ್ಭನಿರೋಧಕ ಗುಳಿಗೆಯ ಬಲವನ್ನೂ ಕುಗ್ಗಿಸುತ್ತದೆ. ಅಸಿಟ್ರೆಟಿನ್ ಎಂಬ ಇನ್ನೊಂದು ಔಷಧಿಯಂತೂ ಗರ್ಭದ ಶಿಶುವಿಗೆ ತೀವ್ರ ಹಾನಿ ಮಾಡುವುದರಿಂದ ಹೆರುವ ವಯಸ್ಸಿನ ಹೆಂಗಸರಿಗೆ ತಕ್ಕದ್ದಲ್ಲ.

ಮಧ್ಯಮದಿಂದ ತೀವ್ರ ಮಟ್ಟದ ಈ ರೋಗಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಮೊದಲ ಔಷಧಿ ಅಡಾಲಿಮುಮ್ಯಾಬ್ ಎಂಬ ಚುಚ್ಚುಮದ್ದು. ವರ್ಷ 2015. ಟಿಎನ್‌ಎಫ್ ಎಂಬ ಸಂದೇಶವಾಹಕದ ಬಾಯಿ ಕಟ್ಟುವುದು ಇದರ ಕೆಲಸ. ಒಟ್ಟು 633 ರೋಗಿಗಳ ಮೇಲೆ ನಡೆದ ಎರಡು ಪ್ರಯೋಗಗಳ ಫಲ 2016ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳಲ್ಲಿ ಗಂಟು, ಬಾವುಗಳು ಅರ್ಧಕ್ಕಾದರೂ ಇಳಿದವರು ಒಂದು ಪ್ರಯೋಗದಲ್ಲಿ ಶೇಕಡ 42, ಇನ್ನೊಂದರಲ್ಲಿ ಶೇಕಡ 59. ಔಷಧಿಯಿಲ್ಲದ ಬರಿಯ ಚುಚ್ಚುಮದ್ದು ಪಡೆದವರಲ್ಲಿ ಈ ಪ್ರಮಾಣ ಶೇಕಡ 26 ಮತ್ತು 28. ಪವಾಡವಲ್ಲ, ಆದರೆ ವರ್ಷಗಟ್ಟಲೆ ನರಳಿದವರಿಗೆ ಸಣ್ಣ ಮಾತೂ ಅಲ್ಲ. ಇಂಟರ್‌ಲ್ಯೂಕಿನ್-17ನ್ನು ತಡೆಯುವ ಸೆಕುಕಿನುಮ್ಯಾಬ್ 2023ರಲ್ಲಿ, ಬಿಮೆಕಿಜುಮ್ಯಾಬ್ 2024ರಲ್ಲಿ ಅಲ್ಲಿ ಒಪ್ಪಿಗೆ ಪಡೆದವು. ಅಡಾಲಿಮುಮ್ಯಾಬ್‌ನ ಪ್ರತಿರೂಪವನ್ನು ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದದ್ದು ಭಾರತದ ಜೈಡಸ್ ಕ್ಯಾಡಿಲಾ ಕಂಪನಿ, 2014ರ ಡಿಸೆಂಬರಿನಲ್ಲಿ. ಮೂಲ ಔಷಧಿಗಿಂತ ಅದು ಎಷ್ಟೋ ಅಗ್ಗ. ಆದರೂ ತಿಂಗಳುಗಟ್ಟಲೆ ಕೊಳ್ಳುವುದು ಕೂಲಿಯವರಿಗೆ ಎಟುಕುವ ಮಾತಲ್ಲ. ಟಿಎನ್‌ಎಫ್ ಕಟ್ಟಿದರೆ ಮಲಗಿದ್ದ ಕ್ಷಯ ಎದ್ದು ಕೂರುವ ಅಪಾಯವಿರುವುದರಿಂದ ಈ ಚುಚ್ಚುಮದ್ದಿಗೆ ಮುನ್ನವೂ ಕ್ಷಯದ ಪರೀಕ್ಷೆ ಕಡ್ಡಾಯ.

ಚುಚ್ಚುಮದ್ದು ಹೊಸ ಗಂಟುಗಳನ್ನು ತಡೆಯಬಲ್ಲದು, ಆಗಲೇ ಕೊರೆದ ಸುರಂಗವನ್ನು ಅದು ಮುಚ್ಚುವುದು ಕಡಿಮೆ. ಅಲ್ಲಿ ಶಸ್ತ್ರಚಿಕಿತ್ಸೆಯೇ ಬೇಕು. ಬಾವನ್ನು ಚುಚ್ಚಿ ಕೀವು ತೆಗೆದರೆ ನೋವು ಕೂಡಲೇ ಇಳಿಯುತ್ತದೆ, ಆದರೆ ಸುರಂಗದ ಗೋಡೆ ಒಳಗೇ ಉಳಿದು ಕುರು ಮರಳುತ್ತದೆ. ಹತ್ತು ಸಲ ಕೊಯ್ಸಿಕೊಂಡರೂ ಹೋಗಲಿಲ್ಲ ಎಂಬ ದೂರಿನ ಗುಟ್ಟು ಇದು. ಸುರಂಗದ ಮಾಡನ್ನು ಪೂರ್ತಿ ಕತ್ತರಿಸಿ ತೆಗೆದು, ತಳವನ್ನು ಕೆರೆದು, ತೆರೆದ ಗಾಯ ತಾನಾಗಿ ಮಾಯಲು ಬಿಡುವ ಕ್ರಮವನ್ನು 1959ರಲ್ಲೇ ಮಲಿನ್ಸ್ ಮತ್ತು ಸಂಗಡಿಗರು ವಿವರಿಸಿದ್ದರು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಹಲವು ಸಲ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದು. ಇಡೀ ಬಗಲೇ ಜಾಲವಾಗಿದ್ದರೆ ಕೆಟ್ಟ ಚರ್ಮವನ್ನು ಅಗಲವಾಗಿ ತೆಗೆದು, ಬೇರೆಡೆಯ ಚರ್ಮ ತಂದು ಹೊದಿಸಬೇಕಾಗುತ್ತದೆ. ಔಷಧಿ ಉರಿ ತಗ್ಗಿಸಿದ ಮೇಲೆ ಶಸ್ತ್ರಕ್ರಿಯೆ ಮಾಡಿದರೆ ಫಲ ಹೆಚ್ಚು.

ದಿನದ ಆರೈಕೆಯೂ ಸಣ್ಣದಲ್ಲ. ಸಡಿಲವಾದ ಹತ್ತಿ ಬಟ್ಟೆ, ಮೆದುವಾಗಿ ತೊಳೆಯುವುದು, ಗಂಟನ್ನು ಹಿಚುಕದಿರುವುದು, ಕುರು ಕೆರಳಿದ್ದಾಗ ಆ ಜಾಗಕ್ಕೆ ಬ್ಲೇಡು ತಾಗಿಸದಿರುವುದು. ಸೋರುವ ಗಾಯಕ್ಕೆ ಅಂಗಡಿಯ ದುಬಾರಿ ಪಟ್ಟಿಯೇ ಆಗಬೇಕೆಂದಿಲ್ಲ. ಒಗೆದು ಬಿಸಿಲಿನಲ್ಲಿ ಒಣಗಿಸಿದ ಹಳೆಯ ಧೋತರದ ಮೆತ್ತನೆಯ ತುಂಡೂ, ಹೆಂಗಸರು ತಿಂಗಳ ಮುಟ್ಟಿಗೆ ಬಳಸುವ ಪ್ಯಾಡೂ ಆಗುತ್ತವೆ. ತೂಕ ಇಳಿಸಿದರೆ, ಬೀಡಿ ಬಿಟ್ಟರೆ ಕೆಲವರಿಗೆ ಗುಣ ಕಾಣುತ್ತದೆ. ಬಿಟ್ಟರೂ ರೋಗ ಹೋಗಲಿಲ್ಲವೆಂದರೆ ಅದು ರೋಗಿಯ ಸೋಲಲ್ಲ. ಈ ರೋಗವಿರುವವರಲ್ಲಿ ಸಕ್ಕರೆ ಕಾಯಿಲೆ, ಕೀಲುಬಾವು, ಕರುಳಿನ ಉರಿಯೂತ, ಮನಸ್ಸಿನ ಖಿನ್ನತೆ ಹೆಚ್ಚಾಗಿ ಕಾಣುವುದರಿಂದ ಅವನ್ನೂ ವಿಚಾರಿಸಬೇಕು. ಕುಂಡಿ ಅಥವಾ ಗುದದ ಸುತ್ತ ಹಲವು ವರ್ಷಗಳಿಂದ ಇರುವ ಹುಣ್ಣು ಮಾಯದೆ ಗಟ್ಟಿಯಾಗಿ ಬೆಳೆಯತೊಡಗಿದರೆ ತುಣುಕು ತೆಗೆದು ಪರೀಕ್ಷಿಸಲೇಬೇಕು. ಹಳೆಯ ಗಾಯದಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದು ಅಪರೂಪವಾದರೂ ಉಂಟು.

ರಾಯಚೂರಿನ ದಾರಿ

ಇಷ್ಟೆಲ್ಲ ಚಿಕಿತ್ಸೆಗೆ ಚರ್ಮವೈದ್ಯರು, ಶಸ್ತ್ರವೈದ್ಯರು, ಗಾಯದ ಶುಶ್ರೂಷೆ ಬಲ್ಲ ದಾದಿಯರು ಒಂದೇ ಸೂರಿನಡಿ ಇರಬೇಕು. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ರಿಮ್ಸ್, ಶುರುವಾದದ್ದು 2007ರಲ್ಲಿ. ಅದಕ್ಕೆ ಮೊದಲು ದೊಡ್ಡ ಆಸ್ಪತ್ರೆ ಎಂದರೆ ಅನೇಕರಿಗೆ ಹೈದರಾಬಾದು, ಇಲ್ಲವೆ ಬಳ್ಳಾರಿ. ದೇವದುರ್ಗ ಮತ್ತು ಮಾನ್ವಿಗಳಿಂದ ರಾಯಚೂರು 50 ಕಿ.ಮೀ. ಆಸುಪಾಸು. ನಕ್ಷೆಯಲ್ಲಿ ಅದು ದೂರವಲ್ಲ. ದಿನಗೂಲಿ ಬಿಟ್ಟು, ಸೋರುವ ಗಾಯ ಹೊತ್ತು, ಬಸ್ಸಿನಲ್ಲಿ ನಿಂತು ಹೋಗುವವರಿಗೆ ದೂರ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಈ ಎರಡೂ ತಾಲ್ಲೂಕುಗಳನ್ನು ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವ ಕುಟುಂಬಗಳಿಗೆ ಮೂರು ತಿಂಗಳ ಔಷಧಿಯನ್ನು ಒಂದೇ ವೈದ್ಯರ ಕಣ್ಣಳತೆಯಲ್ಲಿ ಮುಗಿಸುವುದೇ ಕಷ್ಟ. ಏಮ್ಸ್ ಆಸ್ಪತ್ರೆ ಬೇಕೆಂದು ರಾಯಚೂರಿನಲ್ಲಿ 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಹಟದ ಹಿಂದೆ ಇಂಥ ಸಾವಿರಾರು ಬಸ್ ಪ್ರಯಾಣಗಳ ದಣಿವಿದೆ.

ಆದರೆ ಎಲ್ಲವೂ ದೊಡ್ಡ ಆಸ್ಪತ್ರೆಗಾಗಿ ಕಾಯಬೇಕಾಗಿಲ್ಲ ಎಂಬುದಕ್ಕೆ ಕುಷ್ಠರೋಗದ ಇತಿಹಾಸ ಸಾಕ್ಷಿ. ಅದೂ ಚರ್ಮದ ರೋಗ, ಅದಕ್ಕೂ ಪಾಪದ ಹಣೆಪಟ್ಟಿ ಇತ್ತು. 1980ರ ದಶಕದಲ್ಲಿ ಬಹು ಔಷಧಿ ಚಿಕಿತ್ಸೆ ಬಂದಾಗ ಹಳ್ಳಿಹಳ್ಳಿಗೆ ಹೋದ ಕಾರ್ಯಕರ್ತರ ಬಳಿ ಇದ್ದದ್ದು ಒಂದು ಸರಳ ಪ್ರಶ್ನೆ: ಸ್ಪರ್ಶ ತಿಳಿಯದ ಮಚ್ಚೆ ಇದೆಯೇ? ಆ ಪ್ರಶ್ನೆಯನ್ನು ಹಿಡಿದು ಲಕ್ಷಾಂತರ ಜನರನ್ನು ಬೇಗ ಗುರುತಿಸಲಾಯಿತು. ಪ್ರತಿ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿಯನ್ನು ದೇಶ 2005ರ ಡಿಸೆಂಬರಿನಲ್ಲಿ ಮುಟ್ಟಿತು. ಹಳ್ಳಿಯ ಬಾಗಿಲಿನಲ್ಲಿ ಕೇಳಬಹುದಾದ ಪ್ರಶ್ನೆಯೊಂದು ಔಷಧಿಯಷ್ಟೇ ಕೆಲಸ ಮಾಡಿತು.

ಬಗಲ ಕುರುವಿಗೂ ಅಂಥ ಪ್ರಶ್ನೆಗಳಿವೆ. ಅವು ಶುಸ್ಟರ್ ಮಾರ್ಕ್ಸನ ಪತ್ರಗಳಿಗೆ ಕೇಳಿದವೇ. ಏಳುವುದು ಎಂಥದು? ಆಳದ, ನೋವಿನ ಗಂಟೋ, ಬಾವೋ, ಸೋರುವ ಸುರಂಗವೋ? ಏಳುವುದು ಎಲ್ಲಿ? ಬಗಲು, ತೊಡೆಸಂದಿ, ಸ್ತನದ ಕೆಳಗೆ, ಕುಂಡಿಯ ಸಂದಿಯಲ್ಲೋ? ಎಷ್ಟು ಸಲ? ಆರು ತಿಂಗಳಲ್ಲಿ ಎರಡು ಬಾರಿಯಾದರೂ ಬಂದಿದೆಯೋ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ರೋಗದ ಗುರುತು ಹತ್ತಿತು ಎಂದೇ ಲೆಕ್ಕ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇಲ್ಲ. ಪ್ಯಾರಿಸ್ಸಿನ ತಜ್ಞರು ಕೇಳುವುದೂ ಇದನ್ನೇ.

ದೇವದುರ್ಗದ ತಾಲ್ಲೂಕು ಆಸ್ಪತ್ರೆಯ ವೈದ್ಯರು ಮೂರನೆಯ ಸಲ ಕೊಯ್ಸಿಕೊಳ್ಳಲು ಬಂದವರನ್ನು ಇದನ್ನು ಕೇಳಬಹುದು. ಮಾನ್ವಿಯ ಹಳ್ಳಿಯೊಂದರ ಆಶಾ ಕಾರ್ಯಕರ್ತೆ ಕೈ ಎತ್ತಲಾರದ ಹುಡುಗಿಯನ್ನು ಒಳಗೆ ಕರೆದು ಕೂರಿಸಿ ಕೇಳಬಹುದು. ಅಂದೇ ಗುಣವಾಗದಿದ್ದರೂ, ತಾನು ಕೊಳಕಿಯಲ್ಲ, ತನಗಿರುವುದು ಒಂದು ರೋಗ, ಅದಕ್ಕೆ ಹೆಸರಿದೆ, ಮದ್ದಿದೆ ಎಂಬ ಮಾತು ಆಕೆಯ ಕಿವಿಗೆ ಏಳು ವರ್ಷ ಮೊದಲೇ ಬಿದ್ದಂತಾಗುತ್ತದೆ.